ಒದ್ದೆ ಧಾನ್ಯ ಮೇಲಿರಲಿ

ಮಾರಾಟಕ್ಕಿಟ್ಟಿದ್ದ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಹಾಕಿ ನೋಡಿದ ಘಟನೆಯನ್ನು ನಮ್ಮಲ್ಲಿ ಕೇಳದವರು ವಿರಳ. ಮೇಲೆ ಒಣಗಿದ ಕಾಳು, ಒಳಗೆ ತೇವ. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ಕೊಟ್ಟಾಗ, ನೆನೆದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ವಿಚಾರಿಸಿದರು. ಅಳತೆ-ತೂಕದ ಪಾಠದೊಡನೆ ಈ ಹದೀಸನ್ನು ಬೋಧಿಸಿ ಮುಗಿಸಿಬಿಡುವುದು ನಮ್ಮ ರೂಢಿ. ಇಂದಿನ ಅಂಗಡಿಯ ಫ್ರಿಜ್ಜಿನ ಮುಂದೆ ನಿಂತು ಅದನ್ನೊಮ್ಮೆ ಓದಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಮುನ್ನೂರು ಮಿಲಿಲೀಟರಿನ ಒಂದು ಕೋಲಾ ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ಚಹಾದ ಚಮಚದಲ್ಲಿ ಅಳೆದರೆ ಏಳೆಂಟು ಚಮಚ. ಹೀಗೆ ಬೆರೆಸಿದ ಸಕ್ಕರೆಯು ದಿನದ ಆಹಾರಶಕ್ತಿಯ ಶೇ. 10ನ್ನು ಮೀರಕೂಡದು, ಶೇ. 5ರೊಳಗಿದ್ದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿತು. ಶೇ. 5 ಎಂದರೆ ವಯಸ್ಕರಿಗೆ ಸುಮಾರು 25 ಗ್ರಾಂ. ಒಂದೇ ಬಾಟಲಿಯಲ್ಲಿ ಆ ಮಿತಿ ದಾಟಿಹೋಗುತ್ತದೆ. ದ್ರವರೂಪದ ಸಕ್ಕರೆಗೆ ಇನ್ನೊಂದು ದುರ್ಗುಣವಿದೆ: ಅದು ಹೊಟ್ಟೆ ತುಂಬಿದ ಭಾವನೆ ಕೊಡುವುದಿಲ್ಲ. ಕುಡಿದ ಮಗು ಊಟದಲ್ಲಿ ತುತ್ತು ಕಡಿಮೆ ಮಾಡುವುದಿಲ್ಲ. ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ ಅದರ ಹೊಸ್ತಿಲಲ್ಲಿ 13.6 ಕೋಟಿ ಜನರೂ ಇದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಅಧ್ಯಯನವು 2023ರಲ್ಲಿ ಅಂದಾಜಿಸಿತು. ಇದೆಲ್ಲವನ್ನೂ ಬಾಟಲಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅನ್ನದ ರಾಶಿಗೂ ಕುಳಿತೇ ಕಳೆಯುವ ದಿನಚರಿಗೂ ಅದರಲ್ಲಿ ಪಾಲುಂಟು. ಆದರೆ ಅನ್ನಕ್ಕೆ ಕೋಲಾದಷ್ಟು ಜಾಹೀರಾತಿನ ಅಬ್ಬರವಿಲ್ಲ.

ಹಾಗಾದರೆ ಆ ಜಾಹೀರಾತಿಗೆ ಕಡಿವಾಣ ಹಾಕಿದರೆ ಏನಾಗುತ್ತದೆ? ದಕ್ಷಿಣ ಅಮೆರಿಕದ ಚಿಲಿ ದೇಶ ಅದನ್ನು ಮಾಡಿ ನೋಡಿದೆ. ವೈದ್ಯರೂ ಸೆನೆಟರರೂ ಆಗಿದ್ದ ಗಿಡೋ ಗಿರಾರ್ಡಿ ಇದಕ್ಕಾಗಿ ವರ್ಷಗಟ್ಟಲೆ ಪಟ್ಟುಹಿಡಿದರು. ಕಾನೂನು 2012ರಲ್ಲಿ ಅಂಗೀಕಾರವಾಗಿ 2016ರ ಜೂನ್‌ನಲ್ಲಿ ಜಾರಿಗೆ ಬಂತು. ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿಮೀರಿದ ಪೊಟ್ಟಣದ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಕಡ್ಡಾಯವಾಯಿತು. ಮೊದಲ ಹಂತದಲ್ಲಿ ನೂರು ಮಿಲಿಲೀಟರಿಗೆ 6 ಗ್ರಾಂ ಸಕ್ಕರೆ ಮೀರಿದ ಪಾನೀಯಕ್ಕೆ ಮುದ್ರೆ ಬಿತ್ತು, ಮುಂದೆ ಅದನ್ನು 5 ಗ್ರಾಮಿಗೆ ಇಳಿಸಲಾಯಿತು. ಮುದ್ರೆ ಬಿದ್ದುದನ್ನು ಶಾಲೆಯೊಳಗೆ ಮಾರುವಂತಿಲ್ಲ, 14ಕ್ಕಿಂತ ಕಿರಿಯ ಮಕ್ಕಳನ್ನು ಸೆಳೆಯುವಂತೆ ಪ್ರಚಾರ ಮಾಡುವಂತಿಲ್ಲ. ಪೊಟ್ಟಣಗಳ ಮೇಲೆ ನಗುತ್ತಿದ್ದ ಕಾರ್ಟೂನು ಹುಲಿ-ಕರಡಿಗಳು ಜಾಗ ಖಾಲಿಮಾಡಿದವು. ಎರಡು ವರ್ಷಗಳ ನಂತರ ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಟಿವಿಯಲ್ಲೂ ಅವುಗಳ ಜಾಹೀರಾತು ನಿಷಿದ್ಧವಾಯಿತು.

ನೆನೆದ ಧಾನ್ಯವನ್ನು ರಾಶಿಯ ಮೇಲಿಡಿಸುವುದೆಂದರೆ ಇದೇ ಅಲ್ಲವೇ?

ಫಲವೂ ಅಳತೆಗೆ ಸಿಕ್ಕಿತು. ಮೊದಲ ಹಂತದಲ್ಲೇ ಮುದ್ರೆ ಬಿದ್ದ ಪಾನೀಯಗಳ ಖರೀದಿ ಸುಮಾರು ಶೇ. 24ರಷ್ಟು ಕುಸಿಯಿತೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಆದರೆ ಅದೇ ಅಧ್ಯಯನದ ಇನ್ನೊಂದು ಸಂಗತಿಯನ್ನು ನಾವು ಮುಚ್ಚಿಡಲಾರೆವು. ಮುಚ್ಚಿಟ್ಟರೆ ನಮ್ಮ ರಾಶಿಯೊಳಗೂ ತೇವವಿದ್ದಂತೆ. ಜನರು ಮುದ್ರೆಯಿಲ್ಲದ ಪಾನೀಯಗಳತ್ತ ಹೊರಳಿದ್ದರಿಂದ ಪಾನೀಯಗಳ ಒಟ್ಟು ಕ್ಯಾಲೊರಿಯ ಇಳಿಕೆ ಅಷ್ಟು ದೊಡ್ಡದಾಗಿರಲಿಲ್ಲ. ಸಕ್ಕರೆ ತೆಗೆದು ಕೃತಕ ಸಿಹಿ ಸುರಿದ ಕಂಪೆನಿಗಳೂ ಇದ್ದವು. ಮುದ್ರೆ, ಶಾಲೆಯ ನಿಯಮ, ಜಾಹೀರಾತು ನಿರ್ಬಂಧ ಒಟ್ಟಾಗಿ ಬಂದುದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸುವುದೂ ಕಷ್ಟ. ಜಾಹೀರಾತನ್ನಷ್ಟೇ ನೋಡಬೇಕೆಂದರೆ ಲಂಡನ್ನಿನ ನಿದರ್ಶನವಿದೆ. 2019ರ ಫೆಬ್ರವರಿಯಲ್ಲಿ ಅಲ್ಲಿನ ಸಾರಿಗೆ ಸಂಸ್ಥೆಯು ತನ್ನ ಬಸ್ಸು, ರೈಲು, ನಿಲ್ದಾಣಗಳಿಂದ ಇಂತಹ ಆಹಾರ-ಪಾನೀಯಗಳ ಜಾಹೀರಾತನ್ನು ತೆಗೆದುಹಾಕಿತು. ನಿರ್ಬಂಧವಿಲ್ಲದಿದ್ದರೆ ಆಗಬಹುದಾಗಿದ್ದ ಖರೀದಿಗೆ ಹೋಲಿಸಿದಾಗ, ಮನೆಗಳು ಈ ಪದಾರ್ಥಗಳಿಂದ ಕೊಂಡ ಕ್ಯಾಲೊರಿ ಶೇ. 6.7ರಷ್ಟು ಕಡಿಮೆಯಿತ್ತು. ಗೋಡೆಯ ಚಿತ್ರವೊಂದು ಕಾಣದಾದರೆ ಅಡುಗೆಮನೆಯ ಚೀಲ ಹಗುರಾಗುತ್ತದೆ!

ಮಕ್ಕಳನ್ನು ತಿದ್ದುವುದು ತಂದೆತಾಯಿಯರ ಹೊಣೆ, ಸರಕಾರವೇಕೆ ನಡುವೆ ಬರಬೇಕು ಎಂಬ ಆಕ್ಷೇಪ ನಮ್ಮ ಸಹೋದರರಿಂದಲೇ ಕೇಳಿಬರುತ್ತದೆ. ಮಕ್ಕಳು ನಮಗೆ ವಹಿಸಲಾದ ಅಮಾನತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ತಾಯಿಯ ಮಾತಿನೆದುರು ಕೋಟ್ಯಂತರ ರೂಪಾಯಿಯ ಪ್ರಚಾರವನ್ನು ನಿಲ್ಲಿಸಿ, ಗೆದ್ದುಕೋ ಎನ್ನುವುದು ಯಾವ ನ್ಯಾಯ? ಮುಸ್ಲಿಮ್ ನಗರಗಳಲ್ಲಿ ಹಿಂದೆ ಮಾರುಕಟ್ಟೆಯ ಮೋಸವನ್ನು ತಡೆಯಲೆಂದೇ ಮುಹ್ತಸಿಬ್ ಎಂಬ ಅಧಿಕಾರಿಯಿದ್ದ. ಗ್ರಾಹಕನೇ ಎಚ್ಚರವಾಗಿರಲಿ ಎಂದು ಆ ಸಮಾಜ ಕೈಕಟ್ಟಿ ಕುಳಿತಿರಲಿಲ್ಲ.

ನಮ್ಮ ಕರಾವಳಿಯ ಬಹಳಷ್ಟು ಕುಟುಂಬಗಳು ಅನ್ನ ಕಾಣುವ ಸೌದಿ ಅರೇಬಿಯಾ 2017ರಲ್ಲಿ ಕೋಲಾದಂತಹ ಪಾನೀಯಗಳ ಮೇಲೆ ಶೇ. 50, ಎನರ್ಜಿ ಡ್ರಿಂಕ್‌ಗಳ ಮೇಲೆ ಶೇ. 100 ಅಬಕಾರಿ ತೆರಿಗೆ ಹೇರಿತು. ನಮ್ಮ ದೇಶದಲ್ಲೂ ನಿಯಮಗಳಿಲ್ಲದಿಲ್ಲ. ಶಾಲೆಯ ಆವರಣದಲ್ಲೂ ಅದರ ಸುತ್ತಲಿನ 50 ಮೀಟರಿನಲ್ಲೂ ಇಂತಹ ಪದಾರ್ಥಗಳ ಮಾರಾಟ-ಪ್ರಚಾರ ಸಲ್ಲದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಯಾವುದಾದರೂ ಶಾಲೆಯ ಗೇಟಿನಿಂದ ಐವತ್ತು ಮೀಟರು ನಡೆದು ನೋಡಿದರೆ ಅದರ ಪಾಲನೆ ಎಷ್ಟೆಂದು ತಿಳಿಯುತ್ತದೆ. ಹಾಲಿಗೆ ಬೆರೆಸುವ ಸಿಹಿ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ಪಟ್ಟಿಯಿಂದ ತೆಗೆಯಿರೆಂದು ಆನ್‌ಲೈನ್ ಮಳಿಗೆಗಳಿಗೆ ಕೇಂದ್ರ ಸರಕಾರ ಸೂಚಿಸಿದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟು ತಲೆಮಾರು ಅದನ್ನು ಆರೋಗ್ಯವೆಂದೇ ನಂಬಿ ಕುಡಿಯಿತೋ!

ರಮಝಾನ್ ಬಂತೆಂದರೆ ಕಂಪೆನಿಗಳು ನಮ್ಮ ದಸ್ತರಖಾನನ್ನೇ ಜಾಹೀರಾತಿನ ರಂಗಸ್ಥಳ ಮಾಡಿಕೊಳ್ಳುತ್ತವೆ: ಮಗ್ರಿಬ್‌ನ ಹೊತ್ತು, ಅಜ್ಜನ ಬಿಳಿಗಡ್ಡ, ಖರ್ಜೂರದ ತಟ್ಟೆಯ ಪಕ್ಕದಲ್ಲಿ ಬೆವರುವ ಬಾಟಲಿ. ಇಡೀ ದಿನ ಹಸಿದ ಶರೀರಕ್ಕೆ ಎಂಟು ಚಮಚ ಸಕ್ಕರೆ ಸುರಿಯುವುದಕ್ಕೆ ಇಬಾದತ್ತಿನ ಮೆರುಗು! (ನಮ್ಮ ಮನೆಯ ಕೆಂಪು ಶರಬತ್ತೂ ಸಕ್ಕರೆಯ ಪಾಕವೇ, ಅದಕ್ಕೆ ವಿನಾಯಿತಿ ಕೇಳುತ್ತಿಲ್ಲ.) ಮಸೀದಿ ಕಮಿಟಿಗಳು, ಮದ್ರಸಾಗಳು, ನಮ್ಮದೇ ಶಿಕ್ಷಣ ಸಂಸ್ಥೆಗಳು ಇದಕ್ಕೆ ಸರಕಾರದ ಆದೇಶ ಕಾಯಬೇಕಾಗಿಲ್ಲ. ಇಫ್ತಾರ್ ಕೂಟದ, ವಾರ್ಷಿಕೋತ್ಸವದ ಬ್ಯಾನರಿನಲ್ಲಿ ಪಾನೀಯ ಕಂಪೆನಿಯ ಲಾಂಛನಕ್ಕೆ ಜಾಗವಿಲ್ಲ, ಅವರ ಉಚಿತ ಕ್ರೇಟುಗಳು ಬೇಡ ಎಂದು ಮುಂದಿನ ಶಾಬಾನ್ ತಿಂಗಳ ಸಭೆಯಲ್ಲೇ ನಿರ್ಣಯ ಬರೆಯಬಹುದು. ಪಕ್ಕದ ಅಂಗಡಿಯವರು ಹೆಚ್ಚಾಗಿ ನಮ್ಮ ಜಮಾಅತಿನವರೇ ಆಗಿರುವುದರಿಂದ, ಐವತ್ತು ಮೀಟರಿನ ಮಾತನ್ನು ಅವರೊಡನೆ ನೋಟೀಸಿಲ್ಲದೆಯೇ ಆಡಬಹುದು.