ಐ7 ಅನ್ನೋ ಮಂಕುಬೂದಿ

"ಅಣ್ಣಾ, ಐ7 ತಗೊಂಡ್ಬಿಟ್ಟೆ!"

ಚಿಕ್ಕಪ್ಪನ ಮಗ ಫೋನಿನಲ್ಲಿ ಹೀಗೆ ಕೂಗಿದಾಗ ನಾನೂ ಖುಷಿಪಟ್ಟೆ. ಒಂದು ವರ್ಷ ಸಂಬಳದಲ್ಲಿ ಉಳಿಸಿದ ದುಡ್ಡು, ಅವನ ಮೊದಲ ಗೇಮಿಂಗ್ ಪಿಸಿ. ಭಾನುವಾರ ಹೋಗಿ ನೋಡಿದೆ. ಗಾಜಿನ ಕ್ಯಾಬಿನೆಟ್ಟು, ಒಳಗೆ ಗಣೇಶನ ಪೆಂಡಾಲಿನ ಥರ ಬಣ್ಣಬಣ್ಣದ ಲೈಟು. ಗೇಮ್ ಶುರು ಮಾಡಿದ್ರೆ ಮಾತ್ರ ಸ್ಲೈಡ್ ಶೋ. ಒಳಗಿದ್ದಿದ್ದು 2012ರ ಐ7-3770, ಜೊತೆಗೆ '4 ಜಿಬಿ ಗ್ರಾಫಿಕ್ಸ್' ಅಂತ ಬರೆದಿದ್ದ ಜಿಟಿ 730. ಆ ಕಾರ್ಡು 2014ರಲ್ಲಿ ಬಂದಾಗಲೇ ಕೆಳಗಿನ ದರ್ಜೆಯದ್ದು.

ಅಂಗಡಿಯವನನ್ನ ಬೈಯೋಣ ಅಂತ ಬಾಯಿ ತೆರೆದೆ. ಹುಡುಗ ಮೆಲ್ಲಗೆ ಅಂದ: "ನೀನೇ ಅಲ್ವಾ ಅಣ್ಣ ಹೇಳಿದ್ದು, ಕಣ್ಮುಚ್ಕೊಂಡು ಐ7 ತಗೋ ಅಂತ?"

ಹೌದು. ನಾನೇ ಹೇಳಿದ್ದು. ಮೀಟಿಂಗ್ ಮಧ್ಯೆ, ಎರಡು ಸೆಕೆಂಡಿನಲ್ಲಿ.

ಐಟಿಯಲ್ಲಿ ಕೆಲಸ ಮಾಡೋ ನಾವೆಲ್ಲ ಮಾಡೋ ಪಾಪ ಇದು. ನೆಂಟರು ಕೇಳ್ತಾರೆ, ನಾವು ಬಾಯಿಗೆ ಬಂದ ಹೆಸರು ಎಸೀತೀವಿ. ಆ ಹೆಸರನ್ನೇ ಬಂಡವಾಳ ಮಾಡ್ಕೊಂಡು ಹಳೇ ಆಫೀಸ್ ಕಂಪ್ಯೂಟರಿಗೆ ಲೈಟು ಕಟ್ಟಿ ಮಾರೋರು ಮಾರ್ತಾರೆ. ಐ7 ಅನ್ನೋ ಹೆಸರು ಹುಟ್ಟಿದ್ದು 2008ರಲ್ಲಿ. ಯಾವ ತಲೆಮಾರಿನದ್ದು ಅಂತ ಕೇಳದೆ ಐ7 ಕೊಳ್ಳೋದು, ಯಾವ ವರ್ಷದ ಮಾಡೆಲ್ ಅಂತ ಕೇಳದೆ ಕಾರು ಕೊಂಡ ಹಾಗೆ. 2022ರಲ್ಲಿ ಬಂದ ಐ3-12100ಎಫ್ ನೋಡಿ. ಲೆಕ್ಕದಲ್ಲಿ ಎರಡೂ ಒಂದೇ: 4 ಕೋರ್, 8 ಥ್ರೆಡ್. ಆದ್ರೆ ಆ 'ಬಡ' ಐ3 ಈ 'ಸಾಹುಕಾರ' ಐ7ನ್ನ ಸಲೀಸಾಗಿ ಹಿಂದೆ ಹಾಕುತ್ತೆ. ನಡುವೆ ಹತ್ತು ವರ್ಷ ಇದೆಯಲ್ಲ ಸ್ವಾಮಿ!

ಅದಕ್ಕಿಂತ ದೊಡ್ಡ ತಪ್ಪು, ಗೇಮಿಂಗ್ ಅಂದ್ರೆ ಪ್ರೊಸೆಸರ್ ಅಂದುಕೊಳ್ಳೋದು. ದರ್ಶಿನಿಯನ್ನ ನೆನೆಸ್ಕೊಳ್ಳಿ. ಆರ್ಡರ್ ಕೂಗೋನು ಪ್ರೊಸೆಸರ್, ದೋಸೆ ಹುಯ್ಯೋ ಭಟ್ಟರು ಗ್ರಾಫಿಕ್ಸ್ ಕಾರ್ಡು. ಅವನು ಎಷ್ಟೇ ಚುರುಕಾಗಿ "ನಾಲ್ಕು ಮಸಾಲೆ" ಅಂತ ಕೂಗಿದ್ರೂ, ಕಾವಲಿ ಚಿಕ್ಕದಾದ್ರೆ ದೋಸೆ ಒಂದೊಂದೇ ಬರೋದು. ಇನ್ನು '4 ಜಿಬಿ'? ಅದು ಹಿಟ್ಟಿನ ಪಾತ್ರೆ. ಪಾತ್ರೆ ದೊಡ್ಡದಿದ್ದ ಮಾತ್ರಕ್ಕೆ ಕಾವಲಿ ದೊಡ್ಡದಾಗುತ್ತಾ?

ಹೆಸರಿನ ಆಟ ಕಾರ್ಡುಗಳಲ್ಲೂ ಇದೆ. 2022ರ ಆರ್‌ಟಿಎಕ್ಸ್ 3050 8 ಜಿಬಿ, ಆಮೇಲೆ 2024ರಲ್ಲಿ ಬಂತು 6 ಜಿಬಿ. ಕಡಿಮೆಯಾಗಿದ್ದು ಮೆಮೊರಿ ಅಷ್ಟೇ ಅಂದ್ಕೋಬೇಡಿ. ಕೋರ್‌ಗಳೂ 2560ರಿಂದ 2304ಕ್ಕೆ ಇಳಿದವು. ಡಬ್ಬದ ಮೇಲಿನ ಹೆಸರು ಮಾತ್ರ ಅದೇ.

"ಪ್ರೊಸೆಸರ್ ಈಗ ದೊಡ್ಡದು ಹಾಕೋಣ, ಕಾರ್ಡು ಆಮೇಲೆ" ಅನ್ನೋರಿದ್ದಾರೆ. ಆ 'ಆಮೇಲೆ' ಬರೋದು ಅಪರೂಪ. ನಿಜವಾಗ್ಲೂ ಕಾರ್ಡಿಗೆ ದುಡ್ಡಿಲ್ಲವಾ? ಗ್ರಾಫಿಕ್ಸ್ ಒಳಗೇ ಇರೋ ರೈಜನ್ 5 5600ಜಿ ಥರದ್ದು ತಗೊಳ್ಳಿ, ಸಣ್ಣ ಗೇಮ್ ಆಡ್ಕೊಂಡಿರಿ. ಅದು ಮರ್ಯಾದೆಯ ದಾರಿ. ಕಾರ್ಡು ಹಾಕೋದಾದ್ರೆ, ಐ3-12100ಎಫ್ ಅಥವಾ 6 ಕೋರಿನ ರೈಜನ್ 5 5600, ಜೊತೆಗೆ 8 ಜಿಬಿಯ ಆರ್‌ಎಕ್ಸ್ 6600. 1080ಪಿ ಪರದೆಗೆ ಇಂಥ ಜೋಡಿ ಸಾಕು. ಬೆಲೆ ಏರಿಳಿಯುತ್ತೆ, ಸೂತ್ರ ಬದಲಾಗಲ್ಲ: ಪ್ರೊಸೆಸರಿಗೆ ಒಂದು ಪಾಲಾದ್ರೆ ಕಾರ್ಡಿಗೆ ಎರಡು. ಲೈಟಿಗೆ ಸೊನ್ನೆ. ಆ ದುಡ್ಡನ್ನ ಒಳ್ಳೇ ಪವರ್ ಸಪ್ಲೈಗೆ ಹಾಕಿ.

ಮುಂದಿನ ಸಲ ಯಾರಾದ್ರೂ ಕೇಳಿದ್ರೆ ಹೆಸರು ಎಸೀಬೇಡಿ. "ಯಾವ ಗೇಮ್ ಆಡ್ತೀಯ? ಕೈಯಲ್ಲಿ ಎಷ್ಟಿದೆ?" ಅಂತ ಕೇಳಿ. ಹತ್ತು ನಿಮಿಷ ಕೊಡಿ. ಅದು ಯಾರದ್ದೋ ಒಂದು ವರ್ಷದ ಉಳಿತಾಯ.

ಹುಡುಗನ ಪಿಸಿಯನ್ನ ದೀಪಾವಳಿಗೆ ಹೊಸದಾಗಿ ಜೋಡಿಸ್ತಿದ್ದೀವಿ. ಗ್ರಾಫಿಕ್ಸ್ ಕಾರ್ಡಿನ ಅರ್ಧ ದುಡ್ಡು ನನ್ನದು. ದಂಡ ಅಂದ್ಕೊಳ್ಳಿ.