ಕೊಂಡಿಯ ಹೊಣೆ ಯಾರದು?

ಕಾರಿನ ಹಿಂದೆ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು ಊರೂರು ಸುತ್ತುವುದು ಬ್ರಿಟನ್ನಿನ ಮಧ್ಯಮ ವರ್ಗದ ಹಳೆಯ ಹವ್ಯಾಸ. 1997ರ ನಂತರ ಕಾರು ಚಾಲನಾ ಪರವಾನಗಿ ಪಡೆದವರು ಭಾರದ ಟ್ರೇಲರ್ ಎಳೆಯಬೇಕಾದರೆ ಅಲ್ಲಿ ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. 2021ರ ಡಿಸೆಂಬರ್ 16ರಂದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಆ ಪರೀಕ್ಷೆ ರದ್ದಾಯಿತು. ಈಗ ಕಾರಿನ ಪರವಾನಗಿ ಇದ್ದವರೆಲ್ಲ 3,500 ಕಿಲೋವರೆಗಿನ ಟ್ರೇಲರ್ ಎಳೆಯಬಹುದು.

ಇದಕ್ಕೆ ಕಾರಣ ಪ್ರವಾಸಿಗರ ಮೇಲಿನ ಪ್ರೀತಿಯಲ್ಲ. ಆ ವರ್ಷ ಬ್ರಿಟನ್ ಲಾರಿ ಚಾಲಕರ ತೀವ್ರ ಕೊರತೆಯಿಂದ ತತ್ತರಿಸುತ್ತಿತ್ತು. ಟ್ರೇಲರ್ ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿಗಳನ್ನು ಲಾರಿ ಪರೀಕ್ಷೆಗಳಿಗೆ ಬಳಸಿಕೊಳ್ಳುವುದು ಸರ್ಕಾರದ ಲೆಕ್ಕಾಚಾರವಾಗಿತ್ತು. ಒಂದು ಕೊರತೆಯನ್ನು ತುಂಬಲು ಇನ್ನೊಂದು ಎಚ್ಚರಿಕೆಯನ್ನು ಬಲಿಕೊಟ್ಟ ಈ ನಿರ್ಧಾರ ದೂರದೃಷ್ಟಿಯದ್ದಲ್ಲ ಎಂಬುದು ನನ್ನ ಅಭಿಪ್ರಾಯ. ರದ್ದಾದ ಪರೀಕ್ಷೆಯಲ್ಲಿ ಟ್ರೇಲರನ್ನು ಕಳಚಿ ಮತ್ತೆ ಜೋಡಿಸಿ ತೋರಿಸುವುದೂ ಸೇರಿತ್ತು. ಅವಘಡ ಹುಟ್ಟುವುದು ಬಹುಮಟ್ಟಿಗೆ ಅಲ್ಲಿಯೇ.

ಕೊಂಡಿಯ ರಚನೆ ಸರಳ. ಕಾರಿನ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಟ್ರೇಲರಿನ ಬಟ್ಟಲು ಕೂರುತ್ತದೆ, ಚಿಲಕ ಅದನ್ನು ಹಿಡಿಯುತ್ತದೆ. ಆದರೆ ಈ ಸರಳತೆಯೇ ಮೋಸ ಮಾಡುತ್ತದೆ. ಅಮೆರಿಕದಲ್ಲಿ ಗುಂಡುಗಳು ಹಲವು ಅಳತೆಯವು. ದೊಡ್ಡ ಬಟ್ಟಲು ಸಣ್ಣ ಗುಂಡಿನ ಮೇಲೂ ಕೂರುತ್ತದೆ, ಚಿಲಕವೂ ಬೀಳುತ್ತದೆ. ವ್ಯತ್ಯಾಸ ಸುಮಾರು 8 ಮಿಲಿಮೀಟರ್ ಮಾತ್ರ. ರಸ್ತೆಯ ಒಂದು ಉಬ್ಬು ಬಂದಾಗ ಬಟ್ಟಲು ಹಾರಿ ಹೊರಬರುತ್ತದೆ. ಯುರೋಪಿನಲ್ಲಿ ಗುಂಡು 50 ಮಿಲಿಮೀಟರಿನದು. ಅಲ್ಲಿಯೂ ಚಿಲಕ ಬೀಳದೆ ಬಟ್ಟಲು ಗುಂಡಿನ ಮೇಲೆ ಬರಿದೆ ಕುಳಿತಿರುವ ಸಂದರ್ಭಗಳುಂಟು. ಪರೀಕ್ಷಿಸುವ ವಿಧಾನ ಅರ್ಧ ನಿಮಿಷದ್ದು: ಟ್ರೇಲರಿನ ಮುಂದಿನ ಪುಟ್ಟ ಜಾಕಿ ಚಕ್ರವನ್ನು ಕೆಳಕ್ಕೆ ತಿರುಗಿಸಿ ಮೂತಿಯನ್ನು ಎತ್ತಬೇಕು. ಕಾರಿನ ಹಿಂಭಾಗವೂ ಜೊತೆಗೆ ಏಳುವುದಾದರೆ ಕೊಂಡಿ ಕೂತಿದೆ ಎಂದರ್ಥ. ಇಷ್ಟಾದ ಮೇಲೂ ಕಳಚಿದರೆ ತಡೆಯಲು ಸರಪಳಿ, ಟ್ರೇಲರಿನ ಬ್ರೇಕನ್ನು ತಾನಾಗಿ ಹಾಕುವ ತಂತಿ ಇರುತ್ತವೆ. ಇವನ್ನು ಸಿಕ್ಕಿಸುವುದನ್ನು ಮರೆತರೆ ಎರಡನೆಯ ರಕ್ಷಣೆ ಇಲ್ಲ.

2014ರ ಜನವರಿಯಲ್ಲಿ ಬ್ರಿಸ್ಟಲ್ ನಗರದಲ್ಲಿ ಸುಮಾರು 2 ಟನ್ ಭಾರದ ಟ್ರೇಲರೊಂದು ಕಳಚಿಕೊಂಡು, ತಾಯಿಯೊಡನೆ ನಡೆದು ಹೋಗುತ್ತಿದ್ದ ಮೂರು ವರ್ಷದ ಬಾಲಕನನ್ನು ಬಲಿ ತೆಗೆದುಕೊಂಡಿತು. ಅದು ಕ್ಯಾಂಪಿಂಗ್ ಟ್ರೇಲರ್ ಅಲ್ಲದಿರಬಹುದು, ಕಲಿಸುವ ಪಾಠ ಒಂದೇ. ಪಾಲಕರ ಹೋರಾಟದ ಫಲವಾಗಿ 2018ರ ಕಾನೂನಿನಲ್ಲಿ ಟ್ರೇಲರ್ ಸುರಕ್ಷತೆಯ ಬಗ್ಗೆ ಸರ್ಕಾರ ವರದಿ ನೀಡಬೇಕೆಂಬ ವಿಧಿ ಸೇರಿತು. ಮೂರೇ ವರ್ಷಗಳಲ್ಲಿ ಅದೇ ದೇಶ ಪರೀಕ್ಷೆಯನ್ನೇ ಕೈಬಿಟ್ಟಿತು.

ಕ್ಯಾಂಪಿಂಗ್ ಟ್ರೇಲರ್ ನಮ್ಮಲ್ಲಿ ಅಪರೂಪ. ಆದರೆ ಟ್ರೇಲರ್ ಅಪರೂಪವಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಳಲ್ಲಿ ಒಂದೇ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರುಗಳು ಸಾಗುವುದನ್ನು ಕಾಣದವರಿಲ್ಲ. ಎರಡನ್ನೂ ಹಿಡಿದಿರುವುದು ಒಂದೊಂದು ಕಬ್ಬಿಣದ ಪಿನ್ನು. ಪಿನ್ನು ಮೇಲಕ್ಕೆ ಜಿಗಿಯದಂತೆ ತಡೆಯಬೇಕಾದ ಕ್ಲಿಪ್ಪಿನ ಜಾಗದಲ್ಲಿ ತುಂಡು ತಂತಿ ಸುತ್ತಿರುವುದನ್ನು ನಾನೇ ಕಂಡಿದ್ದೇನೆ. ಪಿನ್ನು ಎದ್ದರೆ ತಡೆಯಬೇಕಾದ ಸರಪಳಿ ನನ್ನ ಕಣ್ಣಿಗೆ ಬಿದ್ದದ್ದು ವಿರಳ.

ಟ್ರ್ಯಾಕ್ಟರ್ ಓಡಿಸುವ ಪರವಾನಗಿ ಇದ್ದವರು ಟ್ರೇಲರ್ ಸೇರಿಸಿದ ಮಾತ್ರಕ್ಕೆ ಅನರ್ಹರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ, ಕರ್ನಾಟಕದಿಂದಲೇ ಹೋದ ವಿಮಾ ಪ್ರಕರಣದಲ್ಲಿ ಹೇಳಿದೆ. ವಿಮಾ ಕಂಪನಿ ಹೊಣೆಯಿಂದ ನುಣುಚಿಕೊಳ್ಳಬಾರದೆಂಬ ದೃಷ್ಟಿಯಿಂದ ಆ ತೀರ್ಪು ನ್ಯಾಯಯುತವೇ. ಆದರೆ ಪರಿಹಾರ ದೊರಕಿಸುವುದು ನ್ಯಾಯಾಲಯದ ಕೆಲಸ, ಅಪಘಾತ ತಪ್ಪಿಸುವುದು ಸರ್ಕಾರದ ಕೆಲಸ. ಪರವಾನಗಿಗೆ ಪ್ರತ್ಯೇಕ ಪರೀಕ್ಷೆ ಬೇಡವೆಂದರೆ ಕೊಂಡಿಯನ್ನು ನೋಡುವವರು ಬೇರೆ ಯಾರಾದರೂ ಇರಲೇಬೇಕು.

ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಪ್ರತಿಯೊಂದು ಕಬ್ಬಿನ ಲೋಡೂ ಕಾರ್ಖಾನೆಯ ತೂಕದ ಸೇತುವೆಯನ್ನು ದಾಟಲೇಬೇಕು. ಅಲ್ಲಿ ತೂಕ ನೋಡುವ ಕಣ್ಣು ಪಿನ್ನು, ಕ್ಲಿಪ್ಪು, ಸರಪಳಿಗಳನ್ನೂ ನೋಡಲಿ. ಸರಿಯಿಲ್ಲದ ಟ್ರೇಲರ್ ಖಾಲಿಯಾದ ಮೇಲೆ ದುರಸ್ತಿಯಾಗದೆ ಗೇಟು ದಾಟದಿರಲಿ. ಸಾರಿಗೆ ಇಲಾಖೆ ಟ್ರ್ಯಾಕ್ಟರ್ ಪರವಾನಗಿಯ ಪರೀಕ್ಷೆಯಲ್ಲಿ ಕೊಂಡಿ ಜೋಡಿಸಿ ತೋರಿಸುವುದನ್ನು ಸೇರಿಸಲಿ. ಕೆಲವು ನೂರು ರೂಪಾಯಿಗಳ ಸರಪಳಿಯನ್ನು ರೈತನ ಮೇಲಿನ ಹೊರೆ ಎನ್ನುವವರು, ಕಳಚಿದ ಟ್ರೇಲರಿನ ಎದುರಿಗೆ ಬೈಕಿನಲ್ಲಿ ಬರುವವನೂ ಬಹುಮಟ್ಟಿಗೆ ರೈತನ ಮಗನೇ ಎಂಬುದನ್ನು ಮರೆಯಬಾರದು.