ಎದುರಿನವರ ಕಣ್ಣಿಗೆ ಬೀಳುವ ಬೆಳಕು

ನಮ್ಮ ರಸ್ತೆಗಳಲ್ಲಿ ಓಡಾಡುವ ಅಸಂಖ್ಯಾತ ಕಾರು, ಜೀಪುಗಳ ಹೆಡ್‌ಲೈಟಿನೊಳಗೆ ಇವತ್ತಿಗೂ ಇರುವುದು ಎಚ್-4 ಎಂಬ ಹ್ಯಾಲೊಜೆನ್ ಬಲ್ಬು. ಯುರೋಪಿನಲ್ಲಿ 1971ರ ಹೊತ್ತಿಗೆ ಬಳಕೆಗೆ ಬಂದ ವಿನ್ಯಾಸ ಅದು. ಒಂದೇ ಗಾಜಿನ ಬುರುಡೆಯಲ್ಲಿ ಎರಡು ತಂತಿಗಳಿವೆ. ಹೈಬೀಮಿನದು 60 ವ್ಯಾಟ್, ಡಿಮ್ಮಿನದು 55 ವ್ಯಾಟ್. ಡಿಮ್ ತಂತಿಯ ಕೆಳಗೆ ಲೋಹದ ಚಿಕ್ಕ ಮರೆಯೊಂದನ್ನು ಕೂರಿಸಿರುತ್ತಾರೆ. ಆ ಮರೆಯಿಂದಾಗಿ ಬೆಳಕು ಹೆಡ್‌ಲೈಟಿನ ಬಟ್ಟಲಿನ ಮೇಲಿನ ಅರ್ಧಕ್ಕೆ ಮಾತ್ರ ತಗುಲಿ, ಅಲ್ಲಿಂದ ರಸ್ತೆಯ ಕಡೆಗೆ ಬಾಗಿ ಬೀಳುತ್ತದೆ. ಎದುರಿನಿಂದ ಬರುವವರ ಕಣ್ಣನ್ನು ಕಾಯುವುದು ಇಷ್ಟು ಸಣ್ಣ ಏರ್ಪಾಡು. ತಂತಿ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕಿನ ಗೆರೆ ಕೆಡುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಆಕ್ಸೆಸರೀಸ್ ಅಂಗಡಿಯಲ್ಲಾಗಲಿ ಈ ಬಲ್ಬನ್ನು ಕಿತ್ತು ಎಲ್‌ಇಡಿ ಕೂರಿಸಲು ಅರ್ಧ ಗಂಟೆ ಸಾಕು. ಹೋಲ್ಡರ್ ಅದೇ, ಪಿನ್ನುಗಳೂ ಅವೇ. ಎಲ್‌ಇಡಿಯ ಬೆಳಕು ಹೊಮ್ಮುವ ರೀತಿ ಮಾತ್ರ ಬೇರೆ. ತಂತಿ ಸುತ್ತಲೂ ಬೆಳಗುತ್ತದೆ. ಎಲ್‌ಇಡಿಯಲ್ಲಿ ಚಪ್ಪಟೆ ಪಟ್ಟಿಯ ಎರಡು ಬದಿಗೆ ಚಿಪ್ಪುಗಳನ್ನು ಅಂಟಿಸಿರುತ್ತಾರೆ. ತಂತಿಗೆಂದೇ ಲೆಕ್ಕ ಹಾಕಿ ಬಾಗಿಸಿದ ಬಟ್ಟಲಿಗೆ ಇದು ಹೊಸ ಆಕಾರ. ಡಿಮ್ಮಿನಲ್ಲಿದ್ದರೂ ಬೆಳಕಿನ ಒಂದು ಪಾಲು ಗೆರೆ ದಾಟಿ ಮೇಲಕ್ಕೆ ಚಿಮ್ಮುತ್ತದೆ. ಎದುರಿನವರು ಲೈಟು ಹೊಡೆದು ಡಿಮ್ ಮಾಡಿ ಎಂದು ಕೇಳಿದಾಗ, ಈ ಗಾಡಿಯವರು ತಾವಾಗಲೇ ಡಿಮ್ಮಿನಲ್ಲಿದ್ದೇವೆಂದು ತೋರಿಸಲು ಒಮ್ಮೆ ಹೈಬೀಮ್ ಮಾಡುತ್ತಾರೆ. ರಾತ್ರಿಯ ರಸ್ತೆ ಜಗಳಗಳಲ್ಲಿ ಹಲವು ಶುರುವಾಗುವುದು ಹೀಗೆ. ಇಬ್ಬರೂ ತಮ್ಮದೇ ಸರಿ ಎಂದು ನಂಬಿರುತ್ತಾರೆ.

ಹಾಗೆಂದು ಬಲ್ಬು ಬದಲಿಸುವವರನ್ನೆಲ್ಲ ಪುಂಡರು ಎನ್ನುವುದು ಅನ್ಯಾಯ. ಬಹಳಷ್ಟು ಜನರಿಗೆ ನಿಜವಾಗಿಯೂ ರಸ್ತೆ ಕಾಣುವುದಿಲ್ಲ. ಕಂಪನಿಗಳು ಒಳ್ಳೆಯ ಎಲ್‌ಇಡಿ ದೀಪವನ್ನು ದುಬಾರಿ ಮಾದರಿಗೆ ಮೀಸಲಿಟ್ಟು, ಅದೇ ಕಾರಿನ ಅಗ್ಗದ ಮಾದರಿಗೆ ಮಂಕು ಹ್ಯಾಲೊಜೆನ್ ಹಾಕಿ ಕಳಿಸುತ್ತವೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಕಾರು, ಚಾಲಕ ಬ್ರೇಕ್ ತುಳಿಯಲು ಮನಸ್ಸು ಮಾಡುವ ಹೊತ್ತೂ ಸೇರಿದರೆ, ನಿಲ್ಲಲು ಒಣ ರಸ್ತೆಯಲ್ಲೇ 70 ಮೀಟರಿನಷ್ಟು ದೂರ ತೆಗೆದುಕೊಳ್ಳುತ್ತದೆ. ಸಾಧಾರಣ ಹ್ಯಾಲೊಜೆನ್ ಡಿಮ್ ಬೆಳಕಿನಲ್ಲಿ ಕಪ್ಪು ಬಟ್ಟೆ ತೊಟ್ಟು ನಡೆಯುವವರು ಅಷ್ಟು ದೂರದಿಂದ ಕಾಣುವುದು ಕಷ್ಟ. ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಯನ್ನು ಕತ್ತಲಲ್ಲಿ ಇಳಿಯುವ ತಂದೆಗೆ ಹೆಚ್ಚು ಬೆಳಕು ಬೇಕೆನಿಸಿದರೆ ಅದು ಶೋಕಿಯಲ್ಲ.

ಅಂಗಡಿಯಲ್ಲಿ ಕೊಡುವ ಬೆಳಕು ಆ ಆಸೆಯನ್ನು ಪೂರೈಸುತ್ತದೆಯೇ ಎಂಬುದೇ ಪ್ರಶ್ನೆ. ಅಲ್ಲೊಂದು ಕಣ್ಕಟ್ಟು ನಡೆಯುತ್ತದೆ. ಅಡ್ಡಾದಿಡ್ಡಿ ಚೆಲ್ಲುವ ಎಲ್‌ಇಡಿ ಬಾನೆಟ್ಟಿನ ಮುಂದಿನ ಹತ್ತು ಹದಿನೈದು ಮೀಟರ್ ನೆಲವನ್ನು ಝಗಝಗಿಸುತ್ತದೆ. ಚಾಲಕರಿಗೆ ಸಂತೋಷವಾಗುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎನಿಸುತ್ತದೆ. ಆದರೆ ಹತ್ತಿರದ ಆ ಹೊಳಪಿಗೇ ಕಣ್ಣು ಒಗ್ಗಿಕೊಂಡು, ದೂರದ ಕತ್ತಲಲ್ಲಿರುವುದು ಮೊದಲಿಗಿಂತ ಕಡಿಮೆ ಕಾಣುತ್ತದೆ. 6000 ಕೆಲ್ವಿನ್, 8000 ಕೆಲ್ವಿನ್ ಎಂದು ಬಾಕ್ಸಿನ ಮೇಲೆ ಅಚ್ಚು ಹಾಕಿರುವುದು ಬೆಳಕಿನ ಬಣ್ಣದ ಲೆಕ್ಕ, ಪ್ರಮಾಣದ್ದಲ್ಲ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಗೆ ತಿರುಗುತ್ತದೆ, ಎದುರಿನವರ ಕಣ್ಣಿಗೆ ಕಿರಿಕಿರಿ ಹೆಚ್ಚಾಗುತ್ತದೆ. ಹ್ಯಾಲೊಜೆನ್ನಿನ ಹಳದಿ ಛಾಯೆ ಸುಮಾರು 3200 ಕೆಲ್ವಿನ್ನಿನದು.

ಕಣ್ಣು ಕುಕ್ಕುವುದೆಂದರೆ ಬರೀ ಕಿರಿಕಿರಿಯಲ್ಲ. ತೀಕ್ಷ್ಣ ಬೆಳಕು ಕಣ್ಣಿನ ಮಸೂರದೊಳಗೆ ಚದುರಿ, ನೋಟದ ಮೇಲೆಲ್ಲ ಬಿಳಿ ಪರದೆ ಎಳೆದುಬಿಡುತ್ತದೆ. ಆ ಪರದೆಯ ಹಿಂದೆ ಇರುವುದು ಕಾಣುವುದಿಲ್ಲ. ಈ ಚದುರುವಿಕೆ ಯುವಕರಿಗಿಂತ 70ರ ವಯಸ್ಸಿನವರಲ್ಲಿ ಸುಮಾರು ಎರಡರಷ್ಟು. ಪೊರೆ ಬಂದ ಕಣ್ಣಿನಲ್ಲಿ ಇನ್ನೂ ಹೆಚ್ಚು. 80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮೂರು ಸೆಕೆಂಡ್ ಕಣ್ಣು ಕತ್ತಲಿಟ್ಟರೆ ಆ ಗಾಡಿ 66 ಮೀಟರ್ ಕುರುಡಾಗಿ ಓಡಿದಂತೆ.

ಆ 66 ಮೀಟರಿನಲ್ಲಿ ಯಾರಿರುತ್ತಾರೆ? ಎದುರಿನ ಕಾರಂತೂ ಅಲ್ಲ, ಅದಕ್ಕೆ ದೀಪವಿದೆ. ಇರುವವರು ದೀಪವಿಲ್ಲದವರು. ಮಂಡ್ಯದ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದೆ ಒಂದು ಕೆಂಪು ರಿಫ್ಲೆಕ್ಟರೂ ಇಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರು, ಹೊಲದಿಂದ ತಡವಾಗಿ ಮರಳುವ ಎತ್ತಿನ ಗಾಡಿ, ಸೈಕಲ್ಲು ತಳ್ಳಿಕೊಂಡು ಹೋಗುವ ಹಾಲು ಮಾರುವವರು, ಬಸ್ಸಿಳಿದು ರಸ್ತೆ ದಾಟುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಎರಡು ವಾಹನಗಳ ಬೆಳಕು ಸಂಧಿಸುವ ಜಾಗದಲ್ಲಿ ಇವರು ಇಬ್ಬರು ಚಾಲಕರಿಗೂ ಕಾಣದೆ ಹೋಗುತ್ತಾರೆ. ಬಲ್ಬು ಕೊಂಡವರು ಒಬ್ಬರು, ಬೆಲೆ ತೆರುವವರು ಇನ್ನೊಬ್ಬರು. ಈ ಅಂಕಣದ ಆಕ್ಷೇಪವೆಲ್ಲ ಇರುವುದು ಇಲ್ಲಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ದಿನದ ಹೊತ್ತಿನ ಲೆಕ್ಕದಲ್ಲಿ ಅತಿ ಹೆಚ್ಚು ಅಪಘಾತ ನಡೆಯುವುದು ಸಂಜೆ 6ರಿಂದ ರಾತ್ರಿ 9ರ ನಡುವೆ. ಎಲ್ಲಕ್ಕೂ ಹೆಡ್‌ಲೈಟೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಕತ್ತಲಾಗಿ ದೀಪ ಹೊತ್ತಿಸುವ ಹೊತ್ತೂ ಅದೇ.

ಕಾನೂನಿನ ಕೊರತೆಯೇನೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಅಳತೆಪಟ್ಟಿ ಹಿಡಿದೇ ಮಾತಾಡುತ್ತದೆ: ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಅನುಮತಿಯಿಲ್ಲದೆ ಮುಂಭಾಗಕ್ಕೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವಂತಿಲ್ಲ ಎನ್ನುವುದು 111ನೇ ನಿಯಮ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರಲ್ಲಿ ರಾಜ್ಯದ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರು ಜುಲೈ 1ರಿಂದ ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ ಕೇಸು ಹಾಕಲಾಗುವುದೆಂದು ಪ್ರಕಟಿಸಿದರು. ಒಳ್ಳೆಯ ಹೆಜ್ಜೆ. ಆದರೆ ಆ ಸೆಕ್ಷನ್ನಿನ ದಂಡ ಮೊದಲ ಸಲಕ್ಕೆ 500 ರೂಪಾಯಿ. ಸಾವಿರಾರು ರೂಪಾಯಿ ಸುರಿದು ಲೈಟು ಹಾಕಿಸಿದವರು 500 ರೂಪಾಯಿ ಕಟ್ಟಿ ಮುಂದೆ ಹೋಗುತ್ತಾರೆ. ಮಾರಿದ ಅಂಗಡಿಯನ್ನು ಕೇಳುವವರಿಲ್ಲ.

ಜರ್ಮನಿಯವರು ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಬಿಡಿಸಿದ್ದಾರೆ. ಹ್ಯಾಲೊಜೆನ್ ಜಾಗಕ್ಕೆ ಎಲ್‌ಇಡಿ ಹಾಕುವುದು ಅಲ್ಲಿ ಬಹುಕಾಲ ನಿಷಿದ್ಧವಾಗಿತ್ತು. 2020ರಲ್ಲಿ ಓಸ್ರಾಮ್ ಕಂಪನಿಯ ಎಚ್-7 ಮಾದರಿಯ ಎಲ್‌ಇಡಿ ಬಲ್ಬಿಗೆ ಮೊದಲ ಬಾರಿ ರಸ್ತೆ ಬಳಕೆಯ ಅನುಮತಿ ಸಿಕ್ಕಿತು. ಅದೂ ಎಲ್ಲ ಕಾರಿಗಲ್ಲ. ಯಾವ ಕಾರಿನ ಯಾವ ಹೆಡ್‌ಲೈಟಿನಲ್ಲಿ ಈ ಬಲ್ಬನ್ನು ಉರಿಸಿ, ಬೆಳಕಿನ ಗೆರೆ ಕೆಡುವುದಿಲ್ಲವೆಂದು ಪರೀಕ್ಷಿಸಲಾಗಿದೆಯೋ ಆ ಕಾರುಗಳಿಗೆ ಮಾತ್ರ. ಪಟ್ಟಿಯಲ್ಲಿ ಹೆಸರಿದ್ದರೆ ಹಾಕಿ, ಇಲ್ಲದಿದ್ದರೆ ಇಲ್ಲ. ಅದೇ ಬಲ್ಬು ಒಂದು ಕಾರಿನಲ್ಲಿ ಸಭ್ಯವಾಗಿರುತ್ತದೆ, ಇನ್ನೊಂದರಲ್ಲಿ ಎದುರಿನವರನ್ನು ಕುರುಡಾಗಿಸುತ್ತದೆ ಎಂಬ ಸತ್ಯವನ್ನು ಒಪ್ಪಿಕೊಂಡು ಮಾಡಿದ ನಿಯಮ ಇದು. ಭಾರತದಲ್ಲಿ ಅಂಥದ್ದೊಂದು ಪಟ್ಟಿ ತಯಾರಿಸಲು ವಾಹನ ಕಂಪನಿಗಳಿಗೂ ಬಲ್ಬು ಕಂಪನಿಗಳಿಗೂ ತಾಂತ್ರಿಕ ಅಡ್ಡಿಯೇನೂ ಇಲ್ಲ. ಪುಣೆಯ ಎಆರ್‌ಎಐ ಸಂಸ್ಥೆಯಲ್ಲಿ ವಾಹನಗಳನ್ನೂ ಬಿಡಿಭಾಗಗಳನ್ನೂ ಪರೀಕ್ಷಿಸುವ ವ್ಯವಸ್ಥೆ ಎಂದಿನಿಂದಲೋ ಇದೆ.

ಅಷ್ಟರವರೆಗೆ, ಮಂಕು ಬೆಳಕಿನಿಂದ ಬೇಸತ್ತವರು ಮಾಡಬಹುದಾದ್ದು ಬಹಳ ಇದೆ, ಖರ್ಚೂ ಕಡಿಮೆ. ಮೊದಲು ನೋಡಬೇಕಾದ್ದು ಹೆಡ್‌ಲೈಟಿನ ಹೊರಗಿನ ಮುಚ್ಚಳ. ಈಗಿನದು ಗಾಜಲ್ಲ, ಪ್ಲಾಸ್ಟಿಕ್, ಬಿಸಿಲಿಗೆ ಹಳದಿಯಾಗುತ್ತದೆ. ಹೀಗೆ ಹಳತಾದ ಮುಚ್ಚಳದ ದೀಪ ಹೊಸದರ ಬೆಳಕಿನ ಶೇ 22ರಷ್ಟನ್ನೇ ಕೊಡಬಹುದೆಂದು ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಪರೀಕ್ಷಿಸಿ ಹೇಳಿತು. ಅದರ ಹಿಂದೆ ಎಷ್ಟು ಪ್ರಬಲ ಬಲ್ಬು ಇಟ್ಟರೂ ಬೆಳಕು ಚದುರುವುದೇ ಹೆಚ್ಚು. ಉಜ್ಜಿ ಪಾಲಿಶ್ ಮಾಡಿಸಬೇಕು, ಇಲ್ಲವೇ ಬದಲಿಸಬೇಕು. ಎರಡನೆಯದು ವೈರಿಂಗ್. ಸಣ್ಣ ವೈರು, ತುಕ್ಕು ಹಿಡಿದ ಅರ್ತಿಂಗ್ ಸೇರಿ ಬಲ್ಬಿಗೆ ತಲುಪುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಹ್ಯಾಲೊಜೆನ್ನಿನ ಬೆಳಕು ಶೇ 30ರಷ್ಟು ಇಳಿಯುತ್ತದೆ. ಒಳ್ಳೆಯ ಎಲೆಕ್ಟ್ರಿಷಿಯನ್ ಒಂದು ರಿಲೇ ಹಾಕಿ, ದಪ್ಪ ವೈರು ಎಳೆದುಕೊಟ್ಟರೆ ಅದೇ 55 ವ್ಯಾಟಿನ ಬಲ್ಬು ಹೊಸದರಂತೆ ಬೆಳಗುತ್ತದೆ. ರಿಲೇ ಹಾಕಿದ ಮೇಲೆ 100 ವ್ಯಾಟಿನ ಬಲ್ಬು ತುರುಕುವ ಆಸೆ ಬೇಡ. ಅದು ನಿಯಮಕ್ಕೂ ವಿರುದ್ಧ, ಶಾಖಕ್ಕೆ ಒಳಗಿನ ಬಟ್ಟಲೂ ಹಾಳು.

ಮೂರನೆಯದಕ್ಕೆ ಕಾಸೇ ಬೇಡ. ಬಹುತೇಕ ಕಾರುಗಳಲ್ಲಿ ಸ್ಟೀರಿಂಗಿನ ಬಲಗಡೆ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ 0, 1, 2, 3 ಎಂದು ಬರೆದ ಒಂದು ಪುಟ್ಟ ಚಕ್ರವಿರುತ್ತದೆ. ಅದು ಹೆಡ್‌ಲೈಟನ್ನು ಕೆಳಗೆ ಬಾಗಿಸುವ ಸಾಧನ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಕಾರಿನ ಮೂತಿ ಮೇಲೇಳುತ್ತದೆ, ಡಿಮ್ ಬೆಳಕೂ ಎದುರಿನವರ ಮುಖಕ್ಕೇರುತ್ತದೆ. ಆಗ ಆ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಬೇಕು. ಧರ್ಮಸ್ಥಳಕ್ಕೋ ತಿರುಪತಿಗೋ ಮನೆಮಂದಿಯೆಲ್ಲ ಹೊರಟಾಗ ಇದನ್ನು ತಿರುಗಿಸುವವರು ಎಷ್ಟು ಕಡಿಮೆ ಎಂಬುದು ಯಾವ ಹೆದ್ದಾರಿಯಲ್ಲಿ ನಿಂತು ನೋಡಿದರೂ ತಿಳಿಯುತ್ತದೆ. ಡ್ರೈವಿಂಗ್ ಶಾಲೆಗಳಲ್ಲಿ ಇದನ್ನು ಹೇಳಿಕೊಡುವುದೂ ಅಪರೂಪ. ದೀಪದ ಓರೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ ಡಿಮ್ ಹಾಕಿದಾಗ, ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಎಡತುದಿಯಲ್ಲಿ ಮಾತ್ರ ಗೆರೆ ಸ್ವಲ್ಪ ಮೇಲೇರಿರುತ್ತದೆ. ರಸ್ತೆಯ ಎಡ ಅಂಚಿನಲ್ಲಿ ನಡೆಯುವವರು ಕಾಣಲೆಂದೇ ಹಾಗೆ ಮಾಡಿರುತ್ತಾರೆ.

ನಾಲ್ಕು ಪಥದ ಹೆದ್ದಾರಿಗಳ ನಡುಪಟ್ಟಿಯಲ್ಲಿ ಸಾಲಾಗಿ ನೆಟ್ಟ ಕಣಗಿಲೆ, ಕಾಗದದ ಹೂವಿನ ಗಿಡಗಳು ಬರೀ ಅಲಂಕಾರಕ್ಕಲ್ಲ. ಎದುರು ಪಥದ ಬೆಳಕು ತಡೆಯುವುದೂ ಅವುಗಳ ಕೆಲಸ. ನೀರಿಲ್ಲದೆ ಒಣಗಿದ ಕಡೆ, ಢಾಬಾಕ್ಕೆ ದಾರಿ ಮಾಡಲು ಸವರಿದ ಕಡೆ ಅವನ್ನು ಮತ್ತೆ ನೆಡುವುದು ಹೆದ್ದಾರಿ ಪ್ರಾಧಿಕಾರದ ಹೊಣೆ. ಹಳ್ಳಿಗಾಡಿನ ಇಕ್ಕಟ್ಟಿನ ರಸ್ತೆಗಳಿಗೆ ಆ ರಕ್ಷಣೆಯೂ ಇಲ್ಲ.

ಲಾರಿ, ಬಸ್ಸು, ಟ್ಯಾಕ್ಸಿಗಳು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ಸ್ವಂತ ಕಾರು, ಬೈಕುಗಳಿಗೆ ಮೊದಲ 15 ವರ್ಷ ಅಂಥ ತಪಾಸಣೆಯೇ ಇಲ್ಲ. ಆದರೆ ಅವೂ ವರ್ಷಕ್ಕೊಮ್ಮೆಯಾದರೂ ಎಮಿಷನ್ ಟೆಸ್ಟಿಗೆ ಹೋಗಲೇಬೇಕು. ಹೊಗೆ ಅಳೆಯುವ ಆ ಕೇಂದ್ರಗಳಲ್ಲೇ ದೀಪದ ಓರೆ ಅಳೆಯುವ ಯಂತ್ರವನ್ನೂ ಇಡಿಸಿ, ಎರಡೂ ಸರಿಯಿದ್ದರೆ ಮಾತ್ರ ಪ್ರಮಾಣಪತ್ರ ಕೊಡುವಂತೆ ನಿಯಮ ತಿದ್ದಬೇಕು. ಕೇಂದ್ರ ಸಾರಿಗೆ ಸಚಿವಾಲಯ ಮಾಡಬೇಕಾದ ಕೆಲಸವಿದು. ಅದಕ್ಕೆ ಮೊದಲ ಪತ್ರ ಕರ್ನಾಟಕದ ಸಾರಿಗೆ ಇಲಾಖೆಯಿಂದ ಹೋಗಲಿ. ಪರೀಕ್ಷೆಯಾಗದ ಬಲ್ಬುಗಳನ್ನು ಮಾರುವ ಅಂಗಡಿಗಳ ಮೇಲಿನ ಕ್ರಮ ಆ ತಿದ್ದುಪಡಿಗಾಗಿ ಕಾಯಬೇಕಿಲ್ಲ, ಈ ವಾರವೇ ಶುರುವಾಗಬಹುದು.